ಅನುಕ್ರಮದ ಕರಾರು: ಪ್ಯಾಸ್ಕಲ್‌ನ ಸ್ಟ್ರಿಂಗ್ ಲಿಸ್ಟ್ ಮತ್ತು ಕನ್ನಡ ಪದಪಟ್ಟಿ

ನಿಕ್ಲಾಸ್ ವಿರ್ಟ್ 1970ರಲ್ಲಿ ರೂಪಿಸಿದ ಮೂಲ ಪ್ಯಾಸ್ಕಲ್ ಭಾಷೆಯಲ್ಲಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ಉದ್ದ ಬದಲಾಗಬಲ್ಲ ಸ್ವತಂತ್ರ ಪ್ರಕಾರವಾಗಿರಲಿಲ್ಲ. ನಿಗದಿತ ಉದ್ದದ ಅಕ್ಷರಗಳ ಅರೇಯೇ ಆ ಕೆಲಸವನ್ನು ಮಾಡುತ್ತಿತ್ತು. 1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಹೊರತಂದ ಟರ್ಬೊ ಪ್ಯಾಸ್ಕಲ್ ಸ್ಟ್ರಿಂಗ್‌ಗೆ ಸ್ವಂತ ಸ್ಥಾನ ಕೊಟ್ಟಿತಾದರೂ, ಉದ್ದವನ್ನು ಮೊದಲ ಬೈಟ್‌ನಲ್ಲಿ ಬರೆದಿಡುವ ಅದರ ಕ್ರಮದಿಂದಾಗಿ 255 ಅಕ್ಷರಗಳ ಮಿತಿ ಉಳಿಯಿತು. ಅನೇಕ ಸ್ಟ್ರಿಂಗ್‌ಗಳನ್ನು ಒಂದೆಡೆ ಕೂಡಿಟ್ಟು, ಬೇಕೆಂದಾಗ ಸೇರಿಸಿ, ಅಳಿಸಿ, ಹುಡುಕಿ, ಫೈಲಿಗೆ ಬರೆಯುವ ಅನುಕೂಲ 1995ರ ಡೆಲ್ಫಿಯಲ್ಲಿ ಟಿಸ್ಟ್ರಿಂಗ್‌ಲಿಸ್ಟ್ ಎಂಬ ಕ್ಲಾಸ್‌ನ ರೂಪದಲ್ಲಿ ದೊರೆಯಿತು. ಮುಕ್ತ ತಂತ್ರಾಂಶವಾದ ಫ್ರೀ ಪ್ಯಾಸ್ಕಲ್‌ನಲ್ಲೂ ಅದೇ ಹೆಸರಿನ ಕ್ಲಾಸ್ ಇದೆ. ಈ ವಸ್ತುವಿನ ನಿಜವಾದ ಸಾಮರ್ಥ್ಯವೂ, ಎಚ್ಚರಿಕೆ ಕೊಡದೆ ನುಸುಳುವ ಅದರ ದೋಷಗಳೂ ಅನುಕ್ರಮದ ಕಲ್ಪನೆಯಲ್ಲೇ ಬೇರೂರಿವೆ ಎಂಬುದು ಈ ಲೇಖನದ ಪ್ರತಿಪಾದನೆ.

ಟಿಸ್ಟ್ರಿಂಗ್‌ಲಿಸ್ಟ್‌ನ ತಾಯಿ ಕ್ಲಾಸ್ ಟಿಸ್ಟ್ರಿಂಗ್ಸ್. ಅದು ಅಮೂರ್ತ ಕ್ಲಾಸ್, ಅಂದರೆ ಏನೇನು ಕೆಲಸ ನಡೆಯಬೇಕೆಂದು ಹೇಳಿ, ಹೇಗೆ ನಡೆಯಬೇಕೆಂಬುದನ್ನು ಮಕ್ಕಳ ಕ್ಲಾಸ್‌ಗಳಿಗೆ ಬಿಡುವಂಥದ್ದು. ಪರದೆಯ ಮೇಲಿನ ಮೆಮೊ ಪೆಟ್ಟಿಗೆಯ ಸಾಲುಗಳೂ ಲಿಸ್ಟ್ ಬಾಕ್ಸ್‌ನ ಅಂಶಗಳೂ ಇದೇ ವಂಶಕ್ಕೆ ಸೇರಿರುವುದರಿಂದ, ಟಿಸ್ಟ್ರಿಂಗ್ಸ್ ಅನ್ನು ಸ್ವೀಕರಿಸುವಂತೆ ಬರೆದ ಒಂದೇ ಪ್ರೊಸೀಜರ್ ಎಲ್ಲ ಕಡೆಯೂ ನಡೆಯುತ್ತದೆ. ಪಟ್ಟಿಯನ್ನು ಕ್ರಿಯೇಟ್ ಮಾಡಿದವರೇ ಟ್ರೈ–ಫೈನಲಿ ಕಟ್ಟಿನೊಳಗೆ ಅದನ್ನು ಫ್ರೀ ಮಾಡಬೇಕು. ಅಲ್ಪವಿರಾಮದಿಂದ ಬೇರ್ಪಟ್ಟ ಸಾಲನ್ನು ಒಡೆಯುವ ಡೆಲಿಮಿಟೆಡ್‌ಟೆಕ್ಸ್ಟ್ ಗುಣದಲ್ಲಿಯೂ ಒಂದು ಎಚ್ಚರ ಅಗತ್ಯ: ಸ್ಟ್ರಿಕ್ಟ್‌ಡೆಲಿಮಿಟರ್ ಅನ್ನು ಟ್ರೂ ಮಾಡದಿದ್ದರೆ ಖಾಲಿ ಜಾಗವೂ ವಿಭಜಕವೆನಿಸಿ, ‘ಬೆಂಗಳೂರು ನಗರ,ಮೈಸೂರು’ ಎಂಬ ಸಾಲು ಎರಡರ ಬದಲು ಮೂರು ತುಂಡಾಗುತ್ತದೆ.

ಹೆಚ್ಚಿನ ವಿವೇಚನೆಗೆ ಅರ್ಹವಾದುದು ಸಾರ್ಟೆಡ್ ಎಂಬ ಗುಣ. ಇದನ್ನು ‘ಈಗೊಮ್ಮೆ ಜೋಡಿಸು’ ಎಂಬ ಆಜ್ಞೆಯೆಂದು ಭಾವಿಸುವುದು ಸರಿಯಲ್ಲ. ಒಮ್ಮೆ ಜೋಡಿಸುವುದಕ್ಕೆ ಸಾರ್ಟ್ ಎಂಬ ಬೇರೆ ಮೆಥಡ್ ಇದೆ. ಸಾರ್ಟೆಡ್ ಟ್ರೂ ಆದ ಗಳಿಗೆಯಿಂದ ಪಟ್ಟಿ ಅನುಕ್ರಮವನ್ನು ಸದಾ ಕಾಯುವ ಕರಾರಿಗೆ ಒಳಪಡುತ್ತದೆ: ಆ್ಯಡ್ ಮೂಲಕ ಬಂದ ಸ್ಟ್ರಿಂಗ್ ತನ್ನ ಸರಿಯಾದ ಜಾಗಕ್ಕೇ ಹೋಗುತ್ತದೆ, ಇಷ್ಟಬಂದ ಜಾಗದಲ್ಲಿ ಇನ್ಸರ್ಟ್ ಮಾಡಹೊರಟರೆ ಪ್ರೋಗ್ರಾಮ್ ದೋಷವನ್ನು ಎತ್ತಿ ನಿಲ್ಲುತ್ತದೆ. ಈ ಕರಾರಿನ ಫಲವಾಗಿಯೇ ಹುಡುಕಾಟ ಪ್ರತಿ ಹೆಜ್ಜೆಯಲ್ಲೂ ಪಟ್ಟಿಯನ್ನು ಅರ್ಧಕ್ಕೆ ಇಳಿಸುವ ದ್ವಿಭಾಗ ಶೋಧವಾಗಿ ಬದಲಾಗಿ, 1,00,000 ಪದಗಳಲ್ಲಿ ಒಂದನ್ನು ಹೆಚ್ಚೆಂದರೆ 17 ಹೋಲಿಕೆಗಳಲ್ಲಿ ಪತ್ತೆಹಚ್ಚುತ್ತದೆ. ಪುನರಾವರ್ತನೆಯನ್ನು ತಡೆಯುವ ಡುಪ್ಲಿಕೇಟ್ಸ್ ಗುಣವೂ ಇದನ್ನೇ ಆಧರಿಸಿದೆ. ಸಾರ್ಟೆಡ್ ಇಲ್ಲದ ಪಟ್ಟಿಯಲ್ಲಿ ಆ ಗುಣಕ್ಕೆ, ಪುನರಾವರ್ತನೆಯನ್ನು ಕಡೆಗಣಿಸು ಎಂಬರ್ಥದ ಡ್ಯೂಪ್‌ಇಗ್ನೋರ್ ಎಂದು ಬರೆದರೂ ಅದಕ್ಕೆ ಯಾವ ಪರಿಣಾಮವೂ ಇಲ್ಲ, ಮೊದಲೇ ಸೇರಿಕೊಂಡಿರುವ ಜೋಡಿ ಪದಗಳನ್ನು ಅದು ತೆಗೆದುಹಾಕುವುದೂ ಇಲ್ಲ. ಪಟ್ಟಿ ತುಂಬುವ ಮೊದಲೇ ಎರಡೂ ಗುಣಗಳನ್ನು ಹೊಂದಿಸುವುದೊಂದೇ ಭದ್ರವಾದ ದಾರಿ.

ಅನುಕ್ರಮವೆಂದರೆ ಹೋಲಿಕೆ, ಮತ್ತು ಹೋಲಿಕೆಯ ನಿಯಮ ಭಾಷೆಯಿಂದ ಭಾಷೆಗೆ ಬೇರೆ. 2009ರ ಆವೃತ್ತಿಯಿಂದ ಡೆಲ್ಫಿಯ ಸ್ಟ್ರಿಂಗ್ ಯೂನಿಕೋಡ್‌ಗೆ ಬದಲಾದ ಕಾರಣ ಕನ್ನಡ ಪದಗಳು ಈ ಪಟ್ಟಿಯಲ್ಲಿ ನೇರವಾಗಿ ಕೂರುತ್ತವೆ, ಆದರೆ ಆರಂಭದ ಗುರುತಿಲ್ಲದ ಯುಟಿಎಫ್-8 ಫೈಲನ್ನು ವಿಂಡೋಸ್‌ನಲ್ಲಿ ಲೋಡ್‌ಫ್ರಮ್‌ಫೈಲ್‌ನಿಂದ ಓದುವಾಗ ಎನ್‌ಕೋಡಿಂಗ್ ಯಾವುದೆಂದು ಹೇಳದಿದ್ದರೆ ಅಕ್ಷರಗಳು ಕಲಸಿಹೋಗುತ್ತವೆ. ಸರಿಯಾಗಿ ಓದಿದ ಮೇಲೂ ಜೋಡಣೆಯ ತೊಡಕು ಉಳಿಯುತ್ತದೆ. ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ‘ಳ’ಕಾರ ‘ಲ’ಕಾರದ ಪಕ್ಕದಲ್ಲೇ 0ಸಿಬಿ3 ಎಂಬ ಸಂಕೇತ ಸಂಖ್ಯೆಯಲ್ಲಿದೆ, ಕನ್ನಡ ವರ್ಣಮಾಲೆಯಲ್ಲಾದರೋ ಅದು ‘ಹ’ಕಾರದ ನಂತರದ್ದು. ಹೀಗಾಗಿ ಬರಿಯ ಸಂಕೇತ ಸಂಖ್ಯೆಗಳನ್ನು ಹೋಲಿಸಿ ಜೋಡಿಸಿದರೆ ಕಲೆ, ಕಳೆ, ಕವಿ, ಕಸ, ಕಹಿ ಎಂಬ ಕ್ರಮ ದೊರೆಯುತ್ತದೆಯೇ ಹೊರತು, ಕನ್ನಡ ಓದುಗ ನಿರೀಕ್ಷಿಸುವ ಕಲೆ, ಕವಿ, ಕಸ, ಕಹಿ, ಕಳೆ ಎಂಬುದಲ್ಲ. ಪದಸೂಚಿ ಸಿದ್ಧಪಡಿಸುವವರಿಗೆ ಇದು ಸಣ್ಣ ಕುಂದೇನಲ್ಲ.

ಪರಿಹಾರವಾಗಿ ಥಟ್ಟನೆ ಹೊಳೆಯುವುದು ಕಸ್ಟಮ್‌ಸಾರ್ಟ್, ಅಂದರೆ ಪ್ರೋಗ್ರಾಮರ್ ಬರೆದ ಹೋಲಿಕೆಯ ಫಂಕ್ಷನ್ ಬಳಸಿ ಜೋಡಿಸುವ ಮೆಥಡ್. ಆದರೆ ಸಾರ್ಟೆಡ್ ಆಗಿರುವ ಪಟ್ಟಿಯಲ್ಲಿ ಡೆಲ್ಫಿಯ ಈ ಮೆಥಡ್ ಏನನ್ನೂ ಮಾಡದೆ ಹಿಂತಿರುಗುತ್ತದೆ. ಸಾರ್ಟೆಡ್ ಅಲ್ಲದ ಪಟ್ಟಿಯನ್ನು ಜೋಡಿಸಿ, ಆಮೇಲೆ ಸಾರ್ಟೆಡ್ ಅನ್ನು ಟ್ರೂ ಮಾಡಿದರೆ ಹಳೆಯ ಕ್ರಮವೇ ಮರಳುತ್ತದೆ. ಇನ್ನು ಹಾಗೆಯೇ ಬಿಟ್ಟು, ದ್ವಿಭಾಗ ಶೋಧ ನಡೆಸುವ ಫೈಂಡ್ ಮೆಥಡ್ ಅನ್ನು ಕರೆದರೆ, ಅದು ತನ್ನದೇ ಹೋಲಿಕೆಯನ್ನು ನಂಬಿ ತಪ್ಪು ಅರ್ಧದಲ್ಲಿ ಹುಡುಕುವುದರಿಂದ, ಪಟ್ಟಿಯಲ್ಲಿರುವ ಪದವನ್ನೇ ಇಲ್ಲವೆನ್ನಬಹುದು. ಆದ್ದರಿಂದ ಟಿಸ್ಟ್ರಿಂಗ್‌ಲಿಸ್ಟ್‌ನಿಂದ ಹೊಸ ಕ್ಲಾಸೊಂದನ್ನು ಪಡೆದು, ಸಾರ್ಟ್, ಫೈಂಡ್, ಆ್ಯಡ್ ಮೂರೂ ಆಶ್ರಯಿಸುವ ಕಂಪೇರ್‌ಸ್ಟ್ರಿಂಗ್ಸ್ ಎಂಬ ಒಳಗಿನ ಫಂಕ್ಷನ್ನನ್ನೇ ಮರುಬರೆಯುವುದು ಉಚಿತ. ಹೋಲಿಸುವ ಮುನ್ನ ಎರಡೂ ಪದಗಳ ಪ್ರತಿಗಳಲ್ಲಿ 0ಸಿಬಿ3 ಇರುವೆಡೆ 0ಸಿಬಿಎ ಎಂದು ಬದಲಿಸಿ ಸಂಖ್ಯಾಕ್ರಮದಲ್ಲಿ ಹೋಲಿಸಿದರೆ ಸಾಕು. ಆ ಸಂಖ್ಯೆ ‘ಹ’ಕಾರದ ಮುಂದಿನ ಸ್ಥಾನವಾಗಿದ್ದು, ‘ಆ’ಕಾರದ ಕಾಗುಣಿತ ಚಿಹ್ನೆಗಿಂತ ಹಿಂದಿದೆ. ವರ್ಣಮಾಲೆಯಲ್ಲಿ ‘ಔ’ಕಾರದ ನಂತರ ಬರುವ ಅನುಸ್ವಾರ ಯೂನಿಕೋಡ್‌ನಲ್ಲಿ ‘ಅ’ಕಾರಕ್ಕಿಂತ ಮೊದಲಿರುವುದರಿಂದ, ಅದರ ಸ್ಥಾನವನ್ನೂ ಸೂಚಿಯ ಸಂಪಾದಕರು ನಿರ್ಧರಿಸಿ ಇದೇ ಫಂಕ್ಷನ್ನಿನಲ್ಲಿ ಬರೆಯಬಹುದು. ಯಾವ ಬದಲಾವಣೆ ಮಾಡಿದರೂ ಎರಡು ಭಿನ್ನ ಪದಗಳು ಹೋಲಿಕೆಯಲ್ಲಿ ಸಮವೆನಿಸಬಾರದು, ಏಕೆಂದರೆ ಸಮವೆನಿಸಿದರೆ ಡ್ಯೂಪ್‌ಇಗ್ನೋರ್ ಅವುಗಳಲ್ಲಿ ಒಂದನ್ನು ಕೈಬಿಡುತ್ತದೆ. 0ಸಿಬಿಎ ಸಂಖ್ಯೆಗೆ ಯೂನಿಕೋಡ್ ಯಾವ ಅಕ್ಷರವನ್ನೂ ಗೊತ್ತುಮಾಡಿಲ್ಲವಾದ್ದರಿಂದ ಇಲ್ಲಿ ಆ ಅಪಾಯವಿಲ್ಲ.