ಅಂಕ ಲೆಕ್ಕಕ್ಕಿಲ್ಲದ ಪರೀಕ್ಷೆ: ಅರಿಜೋನಾ ಫಾಲ್ ಲೀಗ್ ಕಥೆ

ಭಾಗ 1/7
ಪಟ್ಟಿ

ಪ್ರತಿ ವರ್ಷ ಹೆಚ್ಚುಕಮ್ಮಿ ನಮ್ಮ ಗಣೇಶನ ಹಬ್ಬದ ಹೊತ್ತಿಗೆ ಅಮೆರಿಕದ ಬೇಸ್‌ಬಾಲ್ ಲೋಕದಲ್ಲಿ ಒಂದು ಪಟ್ಟಿ ಹೊರಗೆ ಬರತ್ತೆ. ಸುಮಾರು ಇನ್ನೂರು ಹೆಸರು. ಅದರಲ್ಲಿ ಬಹುಪಾಲು ಹೆಸರುಗಳನ್ನ ಅಮೆರಿಕದವರೇ ಎಷ್ಟೋ ಜನ ಕೇಳಿರಲ್ಲ. ಆದ್ರೆ ಆ ಪಟ್ಟಿಯಲ್ಲಿರೋ ಒಬ್ಬೊಬ್ಬ ಹುಡುಗನ ಮನೆಯಲ್ಲೂ ಅವತ್ತು ಫೋನ್ ಸುಮ್ಮನಿರಲ್ಲ.

ಅದು ಅರಿಜೋನಾ ಫಾಲ್ ಲೀಗ್‌ಗೆ ಆಯ್ಕೆಯಾದವರ ಪಟ್ಟಿ. 'ಫಾಲ್' ಅಂದ್ರೆ ಬೀಳೋದಲ್ಲ, ಎಲೆ ಉದುರೋ ಕಾಲ. ಮುಖ್ಯ ಸೀಸನ್ ಮುಗಿದ ಮೇಲೆ, ನಮ್ಮ ದಸರಾ ದೀಪಾವಳಿ ತಿಂಗಳುಗಳಲ್ಲಿ, ಫೀನಿಕ್ಸ್ ನಗರದ ಸುತ್ತಮುತ್ತ ನಡೆಯೋ ಲೀಗ್.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ನಮ್ಮಲ್ಲಿ 19 ವರ್ಷದೊಳಗಿನವರ ತಂಡದಲ್ಲಿ ಮಿಂಚಿದ ಹುಡುಗ ಮರುವರ್ಷವೇ ಐಪಿಎಲ್ ಆಡಿಬಿಡಬಹುದು. ಬೇಸ್‌ಬಾಲ್‌ನಲ್ಲಿ ಹಾಗಾಗೋದು ಬಲು ಅಪರೂಪ. ಮೇಲ್ಗಡೆ ಮೇಜರ್ ಲೀಗ್‌ನ 30 ತಂಡ. ಅದರ ಕೆಳಗೆ ಏಣಿ ಥರ ಮೈನರ್ ಲೀಗ್: ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಡ್ರಾಫ್ಟ್‌ನಲ್ಲಿ ಆಯ್ಕೆಯಾದವನೂ ಈ ಮೆಟ್ಟಿಲುಗಳನ್ನ ವರ್ಷಗಟ್ಟಲೆ ಹತ್ತಬೇಕು. ಹತ್ತೋವಾಗ ಜಾರಿ ಬಿದ್ದವರೇ ಹೆಚ್ಚು.

ಫಾಲ್ ಲೀಗ್ ಇರೋದು ಕೊನೆಯ ಮೆಟ್ಟಿಲುಗಳ ಹತ್ತಿರ ನಿಂತವರಿಗೆ. ಬಾಗಿಲು ಕಾಣ್ತಾ ಇರತ್ತೆ, ಆದ್ರೆ ತೆರೆದಿರಲ್ಲ. ಈ ಸರಣಿ ಅವರ ಬಗ್ಗೆ.

ಭಾಗ 2/7
ಇದು ಯಾಕೆ ಹುಟ್ಟಿತು?

1992ಕ್ಕಿಂತ ಮೊದಲು ಬಿಡುವಿನ ಕಾಲದಲ್ಲಿ ಹೆಚ್ಚು ಆಟ ಬೇಕಾದ ಅಮೆರಿಕದ ಯುವ ಆಟಗಾರರು ದಕ್ಷಿಣಕ್ಕೆ ಹೋಗ್ತಿದ್ರು. ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ, ವೆನೆಜುವೆಲಾ, ಮೆಕ್ಸಿಕೊ. ಅಲ್ಲಿನ ಚಳಿಗಾಲದ ಲೀಗ್‌ಗಳಿಗೆ ದೊಡ್ಡ ಇತಿಹಾಸ ಇದೆ. 1954-55ರ ಚಳಿಗಾಲದಲ್ಲಿ ಪೋರ್ಟೊ ರಿಕೊದ ಸಾಂಟುರ್ಸೆ ತಂಡಕ್ಕೆ ವಿಲ್ಲಿ ಮೇಸ್ ಮತ್ತು ರೊಬರ್ಟೊ ಕ್ಲೆಮೆಂಟೆ ಇಬ್ಬರೂ ಒಟ್ಟಿಗೆ ಆಡಿದ್ರು. ಇಬ್ಬರೂ ಮುಂದೆ ಆಟದ ಸಾರ್ವಕಾಲಿಕ ಶ್ರೇಷ್ಠರ ಸಾಲಿಗೆ ಸೇರಿದವರು.

ಆದ್ರೆ ಅಲ್ಲಿ ಒಂದು ತೊಡಕಿತ್ತು. ಅಲ್ಲಿನ ಊರಿನವರಿಗೆ ಅದು ಕಲಿಕೆಯ ಲೀಗ್ ಅಲ್ಲ, ಅವರ ಹಬ್ಬ. ತಂಡ ಗೆಲ್ಲಲೇಬೇಕು. ಹೊರಗಿಂದ ಬಂದ ಹುಡುಗ ಒಂದೆರಡು ವಾರ ಸರಿಯಾಗಿ ಆಡದಿದ್ರೆ ಅವನ ಜಾಗಕ್ಕೆ ಇನ್ನೊಬ್ಬ. ತಪ್ಪು ಅವರದಲ್ಲ. ಗೆಲ್ಲೋಕೆ ಇರೋ ಜಾಗದಲ್ಲಿ ಕಲಿಯೋಕೆ ಬಿಡುವು ಸಿಗಲ್ಲ, ಅಷ್ಟೇ.

ಹಾಗಾಗಿ ಮೇಜರ್ ಲೀಗ್ 1992ರಲ್ಲಿ ತನ್ನದೇ ಲೀಗ್ ಶುರು ಮಾಡಿತು. ಇದರ ಶಿಲ್ಪಿ ಅಂತ ಹೆಸರಾದವರು ರೋಲಂಡ್ ಹೆಮಂಡ್. ಶಿಕಾಗೋ ವೈಟ್ ಸಾಕ್ಸ್, ಬಾಲ್ಟಿಮೋರ್ ಓರಿಯಲ್ಸ್ ತಂಡಗಳನ್ನ ನಡೆಸಿದ ಹಿರಿಯರು. ಅರಿಜೋನಾ ಯಾಕೆ? ಅಕ್ಟೋಬರ್‌ನಲ್ಲೂ ಬಿಸಿಲು, ಮಳೆ ಕಡಿಮೆ. ಮಾರ್ಚ್ ತಿಂಗಳ ಅಭ್ಯಾಸಕ್ಕೆ ಅಂತ ಕಟ್ಟಿದ ಮೈದಾನಗಳು ಹೇಗೂ ಖಾಲಿ ಬಿದ್ದಿರತ್ತೆ. ತಮ್ಮದೇ ಕೋಚ್, ತಮ್ಮದೇ ಫಿಸಿಯೋ, ತಮ್ಮದೇ ಕಣ್ಗಾವಲು.

ಆರು ತಂಡ. ಹೆಸರುಗಳೆಲ್ಲ ಮರುಭೂಮಿ ವಾಸನೆಯವು: ಸ್ಕಾಟ್ಸ್‌ಡೇಲ್ ಸ್ಕಾರ್ಪಿಯನ್ಸ್ ಅಂದ್ರೆ ಚೇಳುಗಳು, ಸರ್‌ಪ್ರೈಸ್ ಸಗ್ವಾರೋಸ್ ಅಂದ್ರೆ ಆಳೆತ್ತರ ಮೀರಿ ಬೆಳೆಯೋ ಕಳ್ಳಿಗಿಡಗಳು. (ಹೌದು, 'ಸರ್‌ಪ್ರೈಸ್' ನಿಜಕ್ಕೂ ಒಂದು ಊರಿನ ಹೆಸರು.)

ಭಾಗ 3/7
ಯಾರನ್ನ ಕಳಿಸ್ತಾರೆ?

ಒಂದೊಂದು ಫಾಲ್ ಲೀಗ್ ತಂಡಕ್ಕೆ ಐದು ಮೇಜರ್ ಲೀಗ್ ಸಂಸ್ಥೆಗಳು ಆಟಗಾರರನ್ನ ಕೊಡ್ತವೆ. ಪ್ರತಿ ಸಂಸ್ಥೆಯಿಂದ ಏಳು ಜನರ ಆಸುಪಾಸು. ಬೇಸಿಗೆಯಲ್ಲಿ ಎದುರಾಳಿಗಳಾಗಿದ್ದವರು ಇಲ್ಲಿ ಆರು ವಾರ ಒಂದೇ ಕಡೆ ಕೂತು ಆಟ ನೋಡ್ತಾರೆ.

ಬೆಸ್ಟ್ ಏಳು ಜನ ಅಂದ್ಕೊಂಡ್ರಾ? ಅಲ್ಲ. ಇಲ್ಲೇ ಮಜಾ ಇರೋದು. ಗಾಯದಿಂದ ಅರ್ಧ ಸೀಸನ್ ಕಳ್ಕೊಂಡವನಿಗೆ ಆಟ ಬೇಕು, ಅವನು ಹೋಗ್ತಾನೆ. ಮೂರನೇ ಬೇಸ್‌ನವನಿಗೆ ಎರಡನೇ ಬೇಸ್ ಒಗ್ಗತ್ತಾ ನೋಡ್ಬೇಕು, ಅವನು ಹೋಗ್ತಾನೆ. ಒಬ್ಬ ಪಿಚರ್ ಹೊಸ ಎಸೆತ ಕಲೀತಿದಾನೆ, ಅವನೂ ಹೋಗ್ತಾನೆ. ಒಳ್ಳೇ ಪಿಚರ್‌ಗಳಲ್ಲಿ ಹಲವರು ಬರೋದೇ ಇಲ್ಲ. ವರ್ಷವಿಡೀ ಎಸೆದು ದಣಿದ ತೋಳಿಗೆ ರಜೆ ಕೊಟ್ಟಿರ್ತಾರೆ.

ಅಂದ್ರೆ, ಈ ಪಟ್ಟಿಯಲ್ಲಿ ಹೆಸರಿದೆ ಅಂದ್ರೆ ನಿಮ್ಮ ಬಗ್ಗೆ ಯಾರಿಗೋ ಇನ್ನೂ ಒಂದು ಪ್ರಶ್ನೆ ಉಳಿದಿದೆ ಅಂತ ಅರ್ಥ.

ಆ ಪ್ರಶ್ನೆಗೆ ಗಡುವೂ ಇದೆ. ಪ್ರತಿ ತಂಡಕ್ಕೂ 40 ಜನರ ಒಂದು ಮುಖ್ಯ ಪಟ್ಟಿ ಇರತ್ತೆ. ಕೆಲವು ವರ್ಷ ಮೈನರ್ ಲೀಗ್‌ನಲ್ಲಿ ಕಳೆದವನನ್ನ ನವೆಂಬರ್‌ನಲ್ಲಿ ಆ 40ರೊಳಗೆ ಸೇರಿಸಬೇಕು. ಇಲ್ಲಾಂದ್ರೆ ಡಿಸೆಂಬರ್‌ನ 'ರೂಲ್ 5 ಡ್ರಾಫ್ಟ್'ನಲ್ಲಿ ಬೇರೆ ತಂಡ ಅವನನ್ನ ಎತ್ಕೊಂಡು ಹೋಗಬಹುದು. ಫಾಲ್ ಲೀಗ್ ಮುಗಿಯೋದೂ ನವೆಂಬರ್ ಮಧ್ಯದಲ್ಲೇ. ಹಾಗಾಗಿ ಹತ್ತು ಸಾವಿರ ಜನ ಹಿಡಿಸೋ ಮೈದಾನದಲ್ಲಿ ಎಷ್ಟೋ ಸಲ ಕೆಲವೇ ನೂರು ಜನ ಇದ್ರೂ, ಹೋಮ್ ಪ್ಲೇಟ್ ಹಿಂದಿನ ಸೀಟುಗಳು ಮಾತ್ರ ತುಂಬಿರತ್ತೆ. ಅಲ್ಲಿರೋರು ಚಪ್ಪಾಳೆ ಹೊಡೆಯಲ್ಲ. ಅವರು ಸ್ಕೌಟ್‌ಗಳು, ಬರ್ಕೊಳ್ತಾ ಇರ್ತಾರೆ.

ಒಂದು ಮೆಟ್ಟಿಲಿನ ವ್ಯತ್ಯಾಸ ಎಷ್ಟು ಗೊತ್ತಾ? 2023ರಲ್ಲಿ ಮೈನರ್ ಲೀಗ್ ಆಟಗಾರರು ಮೊದಲ ಬಾರಿ ಒಕ್ಕೂಟದ ಮೂಲಕ ಒಪ್ಪಂದ ಮಾಡ್ಕೊಂಡ್ರು. ಆಗ ಟ್ರಿಪಲ್ ಎ ಕನಿಷ್ಠ ಸಂಬಳ ವರ್ಷಕ್ಕೆ 17,500ರಿಂದ 35,800 ಡಾಲರ್‌ಗೆ ಏರಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000 ಡಾಲರ್. ಒಂದು ಬಾಗಿಲ ಆಚೆ ಈಚೆ ಇಪ್ಪತ್ತು ಪಟ್ಟು.

ಭಾಗ 4/7
ಅಂಕಪಟ್ಟಿ ನಂಬಬೇಡಿ

ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿಯನ್ನ .300 ಅಂತ ಬರೀತಾರೆ. ಹತ್ತು ಪ್ರಯತ್ನದಲ್ಲಿ ಮೂರು ಹಿಟ್ ಅಂತ ಇಟ್ಕೊಳ್ಳಿ. ಅಷ್ಟು ಹೊಡೆದ್ರೆ ಒಳ್ಳೇ ಬ್ಯಾಟರ್.

2011ರ ಸ್ಕಾರ್ಪಿಯನ್ಸ್ ತಂಡದಲ್ಲಿ ಇಬ್ಬರು ಹುಡುಗರಿದ್ರು. ಒಬ್ಬ ಬ್ರೈಸ್ ಹಾರ್ಪರ್, ಇನ್ನೊಬ್ಬ ಮೈಕ್ ಟ್ರೌಟ್. ಹಾರ್ಪರ್ ಆ ಆರು ವಾರದಲ್ಲಿ .333 ಹೊಡೆದ. ಟ್ರೌಟ್? .245. ಅದಕ್ಕೂ ಮೊದಲು ಅದೇ ವರ್ಷ ಮೇಜರ್ ಲೀಗ್‌ಗೆ ಕರೆ ಬಂದಾಗ 40 ಪಂದ್ಯದಲ್ಲಿ .220. ಕಾಗದದ ಮೇಲೆ ನೋಡಿದ್ರೆ ಟ್ರೌಟ್ ಕಥೆ ಮುಗೀತು ಅನ್ನಬಹುದಿತ್ತು.

ಮರುವರ್ಷ, 2012. ಹಾರ್ಪರ್ ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರನಾದ. ಅಮೆರಿಕನ್ ಲೀಗ್‌ನಲ್ಲಿ ಆ ಪ್ರಶಸ್ತಿ ಗೆದ್ದವನು ಟ್ರೌಟ್, ಅದೂ ಸರ್ವಾನುಮತದಿಂದ. .326 ಸರಾಸರಿ, 30 ಹೋಮ್ ರನ್, 49 ಬೇಸ್ ಕದಿಕೆ. ಮುಂದೆ 2014, 2016, 2019ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವನದೇ. .245 ಅನ್ನೋ ಸಂಖ್ಯೆ ಸುಳ್ಳಲ್ಲ. ಆದ್ರೆ ದೀರ್ಘ ಸೀಸನ್ ಆಡಿ ಬಂದ ಇಪ್ಪತ್ತರ ಹುಡುಗನ ಆರು ವಾರ, ಅವನ ಮುಂದಿನ ಹತ್ತು ವರ್ಷ ಹೇಳೋಕೆ ಸಾಲಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 1988ರ ಡ್ರಾಫ್ಟ್. 62ನೇ ಸುತ್ತು. 1,390ನೇ ಹೆಸರು: ಮೈಕ್ ಪಿಯಾಝಾ. ಆಟ ನೋಡಿ ತಗೊಂಡದ್ದಲ್ಲ, ಡಾಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಸ್ನೇಹಿತ, ಆ ದಾಕ್ಷಿಣ್ಯಕ್ಕೆ ತಗೊಂಡದ್ದು. 1992ರಲ್ಲಿ ಫಾಲ್ ಲೀಗ್‌ನ ಮೊದಲ ಸೀಸನ್‌ನಲ್ಲೇ ಆಡಿದ. 1993ರಲ್ಲಿ .318, 35 ಹೋಮ್ ರನ್, ವರ್ಷದ ಹೊಸ ಆಟಗಾರ. 2016ರಲ್ಲಿ ಹಾಲ್ ಆಫ್ ಫೇಮ್.

ದಾಕ್ಷಿಣ್ಯಕ್ಕೆ ಒಳಗೆ ಬರಬಹುದು. ಒಳಗೆ ಉಳಿಯೋದು ಆಟದಿಂದ ಮಾತ್ರ.

ಭಾಗ 5/7
ಹೆಸರಿದ್ದವನು, ಹೆಸರಿಲ್ಲದವರು

ಈಗ 1994. ಸ್ಕಾರ್ಪಿಯನ್ಸ್ ಪಟ್ಟಿಯಲ್ಲಿ 31 ವರ್ಷದ ಒಬ್ಬ 'ಹೊಸಬ': ಮೈಕಲ್ ಜೋರ್ಡನ್. ಹೌದು, ಅದೇ ಜೋರ್ಡನ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂರು ಸಲ ಸತತ ಚಾಂಪಿಯನ್ ಆಗಿ, 1993ರ ಜುಲೈನಲ್ಲಿ ಅಪ್ಪನ ಕೊಲೆಯಾಗಿ, ಅಕ್ಟೋಬರ್‌ನಲ್ಲಿ ಆಟ ಬಿಟ್ಟು, ಬೇಸ್‌ಬಾಲ್‌ಗೆ ಬಂದಿದ್ದ.

ಡಬಲ್ ಎ ತಂಡ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್‌ನಲ್ಲಿ 127 ಪಂದ್ಯ, .202 ಸರಾಸರಿ, 114 ಸಲ ಸ್ಟ್ರೈಕ್ ಔಟ್. ಜನ ನಕ್ಕರು. ಆದ್ರೆ 30 ಬೇಸ್ ಕದ್ದ ಅನ್ನೋದನ್ನ ಕಡಿಮೆ ಜನ ನೆನಪಿಡ್ತಾರೆ. ಆಮೇಲೆ ಅರಿಜೋನಾ. ಅಲ್ಲಿ .252. ಎದುರಿಗಿದ್ದವರು ಏಣಿಯ ತುದಿಯ ಹತ್ತಿರ ಬಂದ ಹುಡುಗರು, ಅವರ ಮುಂದೆ .252. ಶಾಲೆ ಮುಗಿದ ಮೇಲೆ ಈ ಆಟವನ್ನೇ ಸರಿಯಾಗಿ ಆಡದಿದ್ದವನಿಗೆ ಇದು ನಗುವ ಮಾತಲ್ಲ.

ಆ ಶರತ್ಕಾಲದಲ್ಲಿ ಮೇಜರ್ ಲೀಗ್ ಆಟಗಾರರು ಮುಷ್ಕರದಲ್ಲಿದ್ರು. ವರ್ಲ್ಡ್ ಸೀರೀಸ್ ರದ್ದಾಗಿತ್ತು. ಮುಷ್ಕರ ವಸಂತಕ್ಕೂ ಮುಂದುವರೀತು. ಮುಷ್ಕರ ಮುರಿಯೋ ಬದಲಿ ಆಟಗಾರ ಆಗೋಕೆ ಜೋರ್ಡನ್ ಒಪ್ಪಲಿಲ್ಲ. 1995ರ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ವಾಪಸ್.

'ನಮ್ಮವರು ಯಾರೂ ಇಲ್ವಾ?' ಅಂತ ಕೇಳ್ತೀರಿ ಅಂತ ಗೊತ್ತು. ಅರಿಜೋನಾ ಪಟ್ಟಿಯವರೆಗೆ ಹೋಗಲಿಲ್ಲ, ಆದ್ರೆ ಏಣಿ ಹತ್ತಿದವರು ಇದಾರೆ. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಅನ್ನೋ ಟಿವಿ ಸ್ಪರ್ಧೆಯಿಂದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅಮೆರಿಕಕ್ಕೆ ಹೋದ್ರು. (ಈ ರಿಂಕು ನಮ್ಮ ಕ್ರಿಕೆಟ್ ರಿಂಕು ಅಲ್ಲ.) ಇಬ್ಬರೂ ಜಾವೆಲಿನ್ ಎಸೀತಿದ್ದವರು. ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರಿಗೂ ಒಪ್ಪಂದ ಕೊಟ್ಟಿತು. ರಿಂಕು ಸಿಂಗಲ್ ಎ ವರೆಗೆ ಏರಿದ, ಬಿಡುವಿನ ಕಾಲದಲ್ಲಿ ಆಸ್ಟ್ರೇಲಿಯಾದ ಲೀಗ್‌ನಲ್ಲೂ ಆಡಿದ. ಆಮೇಲೆ ಗಾಯಗಳು ಬಿಡಲಿಲ್ಲ. ಕುಸ್ತಿ ಶೋಗಳಲ್ಲಿ 'ವೀರ್ ಮಹಾನ್' ನೋಡಿದ್ರೆ, ಅದು ಅವನೇ.

ಭಾಗ 6/7
ಪರೀಕ್ಷೆ ಆಟಗಾರರಿಗೆ ಮಾತ್ರ ಅಲ್ಲ

ಸೋಲು ಗೆಲುವು ದೊಡ್ಡ ವಿಷಯ ಅಲ್ಲದ ಲೀಗ್ ಇದ್ರೆ ಇನ್ನೊಂದು ಅನುಕೂಲ: ನಿಯಮಗಳನ್ನೂ ಅಲ್ಲೇ ಪರೀಕ್ಷೆ ಮಾಡಬಹುದು.

ಫೀನಿಕ್ಸ್ ಹತ್ತಿರ ಸಾಲ್ಟ್ ರಿವರ್ ಫೀಲ್ಡ್ಸ್ ಅನ್ನೋ ಮೈದಾನ ಇದೆ. 2011ರಲ್ಲಿ ತೆರೆದದ್ದು. ಅದು ಪೀಮಾ ಮತ್ತು ಮಾರಿಕೋಪಾ ಮೂಲನಿವಾಸಿಗಳ ನೆಲ. ಅಮೆರಿಕದ ಮೂಲನಿವಾಸಿಗಳ ನೆಲದಲ್ಲಿ ಕಟ್ಟಿದ ಮೊದಲ ಮೇಜರ್ ಲೀಗ್ ಅಭ್ಯಾಸ ಮೈದಾನ ಅದೇ.

2014ರ ಫಾಲ್ ಲೀಗ್‌ನಲ್ಲಿ ಅಲ್ಲಿ ಒಂದು ಗಡಿಯಾರ ಇಟ್ರು. ಪಿಚರ್ 20 ಸೆಕೆಂಡಿನೊಳಗೆ ಎಸೀಬೇಕು. ಗಡಿಯಾರ ಇಲ್ಲದಿರೋದೇ ಈ ಆಟದ ಸೊಗಸು ಅಂತ ನಂಬಿದ್ದವರಿಗೆ ಇದು ಅಪಚಾರ. ಒಂಬತ್ತು ವರ್ಷದ ನಂತರ, 2023ರಲ್ಲಿ, ಗಡಿಯಾರ ಮೇಜರ್ ಲೀಗ್‌ಗೂ ಬಂತು. 2022ರಲ್ಲಿ ಸರಾಸರಿ 3 ಗಂಟೆ 4 ನಿಮಿಷ ಹಿಡೀತಿದ್ದ ಪಂದ್ಯ 2 ಗಂಟೆ 40 ನಿಮಿಷಕ್ಕೆ ಇಳೀತು.

2019ರಲ್ಲಿ ಅಲ್ಲೇ ಇನ್ನೊಂದು ಪ್ರಯೋಗ. ಎಸೆತ ಸ್ಟ್ರೈಕೋ ಅಲ್ವೋ ಅಂತ ಯಂತ್ರ ನೋಡಿ ಅಂಪೈರ್ ಕಿವಿಗೆ ಹೇಳೋದು. ಅಂಪೈರ್ ಅದನ್ನ ಕೂಗಿ ಹೇಳೋದು. ಯಂತ್ರ ಕೊಟ್ಟ ತೀರ್ಪಿಗೆ ರೇಗಿದ ಒಬ್ಬ ಬ್ಯಾಟರ್‌ನನ್ನ ಮೈದಾನದಿಂದ ಹೊರಗೆ ಹಾಕಿದ್ದೂ ಆಯ್ತು! ಅದೇ ತಂತ್ರಜ್ಞಾನ ಈಗ ಮೇಜರ್ ಲೀಗ್‌ಗೆ ಬಂದಿದೆ, ನಮ್ಮ ಡಿಆರ್‌ಎಸ್ ಥರ: ಅಂಪೈರ್ ತೀರ್ಪು ಒಪ್ಪದಿದ್ರೆ ಆಟಗಾರ ಸವಾಲು ಹಾಕಬಹುದು. 2026ರ ಸೀಸನ್‌ನಿಂದ ಜಾರಿ.

ಟಿವಿಯಲ್ಲಿ ಕೋಟಿ ಜನ ನೋಡೋ ಆಟದ ರೂಪ ಬದಲಾಗಿದ್ದು, ಹೆಚ್ಚು ಜನ ಇಲ್ಲದ ಮೈದಾನದಲ್ಲಿ, ಹೆಸರು ಗೊತ್ತಿಲ್ಲದ ಹುಡುಗರ ಮೇಲೆ ಪ್ರಯೋಗ ಮಾಡಿ.

ಭಾಗ 7/7
ಡರ್ನೆಲ್ ಸ್ಟೆನ್ಸನ್

ಈ ಸರಣಿ ಬರೆಯೋಕೆ ನಿಜವಾದ ಕಾರಣ ಈ ಹೆಸರು.

ಸ್ಟೆನ್ಸನ್ ಜಾರ್ಜಿಯಾ ರಾಜ್ಯದ ಲಗ್ರೇಂಜ್ ಊರಿನವನು. 1996ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮೂರನೇ ಸುತ್ತಿನಲ್ಲಿ ಆರಿಸಿತು. ಆ ಸಂಸ್ಥೆಯ ದೊಡ್ಡ ಭರವಸೆಗಳಲ್ಲಿ ಒಬ್ಬ. ಒಂದು ವರ್ಷ ಆಯ್ತು, ಎರಡಾಯ್ತು, ಆರಾಯ್ತು. ಬಾಗಿಲು ತೆರೆಯಲಿಲ್ಲ. ಕೊನೆಗೆ ಬಾಸ್ಟನ್ ಕೈಬಿಟ್ಟಿತು. 2003ರಲ್ಲಿ ಸಿನ್ಸಿನಾಟಿ ರೆಡ್ಸ್ ತಗೊಂಡಿತು. ಅದೇ ಆಗಸ್ಟ್‌ನಲ್ಲಿ, 25ನೇ ವಯಸ್ಸಿನಲ್ಲಿ, ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ. ಒಟ್ಟು 37 ಪಂದ್ಯ, .247 ಸರಾಸರಿ, 3 ಹೋಮ್ ರನ್.

ಸೀಸನ್ ಮುಗೀತು. ಇನ್ನಷ್ಟು ಆಟ ಸಿಗಲಿ ಅಂತ ಫಾಲ್ ಲೀಗ್‌ಗೆ, ಸ್ಕಾರ್ಪಿಯನ್ಸ್ ತಂಡಕ್ಕೆ ಕಳಿಸಿದ್ರು. ಮೇಜರ್ ಲೀಗ್ ಆಡಿ ಬಂದವನು, ಮತ್ತೆ ಹುಡುಗರ ಜೊತೆ ಪರೀಕ್ಷೆಗೆ ಕೂತ.

2003ರ ನವೆಂಬರ್ 5ರಂದು ಅರಿಜೋನಾದ ಚಾಂಡ್ಲರ್‌ನಲ್ಲಿ ದರೋಡೆಕೋರರು ಅವನನ್ನ ಕೊಂದರು. ಮುಂದಿನ ಸೀಸನ್‌ಗೆ ಅವನ ಜಾಗ ಎಲ್ಲಿ ಅನ್ನೋ ಪ್ರಶ್ನೆಗೆ ಉತ್ತರ ಯಾರಿಗೂ ಸಿಗಲಿಲ್ಲ.

ಮರುವರ್ಷದಿಂದ ಫಾಲ್ ಲೀಗ್ ಅವನ ಹೆಸರಲ್ಲಿ ಒಂದು ಪ್ರಶಸ್ತಿ ಕೊಡ್ತಾ ಬಂದಿದೆ. ಅತಿ ಹೆಚ್ಚು ರನ್‌ಗೆ ಅಲ್ಲ, ವೇಗದ ಎಸೆತಕ್ಕೂ ಅಲ್ಲ. ಸ್ವಾರ್ಥ ಬಿಟ್ಟು ಆಡಿದವನಿಗೆ, ದುಡಿದವನಿಗೆ, ಜೊತೆಯವರನ್ನ ಮುನ್ನಡೆಸಿದವನಿಗೆ. ಯೋಚಿಸಿ: ಇಲ್ಲಿ ಎಲ್ಲರೂ ತಮ್ಮ ತಮ್ಮ ಬಾಗಿಲಿಗಾಗಿ ಬಂದವರು. ಪಕ್ಕದಲ್ಲಿ ಕೂತವನು ಮುಂದಿನ ಬೇಸಿಗೆಯಲ್ಲಿ ಎದುರಾಳಿ. ಅಂಥ ಜಾಗದಲ್ಲಿ ಪಕ್ಕದವನಿಗೆ ನೆರವಾದವನನ್ನ ಹುಡುಕಿ ಗೌರವಿಸೋದು ಸಣ್ಣ ವಿಷಯ ಅಲ್ಲ.

ಫಾಲ್ ಲೀಗ್ ಆಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೇಜರ್ ಲೀಗ್ ತಲುಪ್ತಾರೆ. ಉಳಿದವರು ತಲುಪಲ್ಲ. ಪಟ್ಟಿ ಬಂದ ದಿನ ಯಾರು ಯಾವ ಕಡೆ ಅಂತ ಸ್ಕೌಟ್‌ಗಳಿಗೂ ಗೊತ್ತಿರಲ್ಲ. .245 ಹೊಡೆದವನು ಟ್ರೌಟ್ ಆಗಬಹುದು.

ಸಿಇಟಿ ರ‍್ಯಾಂಕ್, ತಂಡದ ಸೆಲೆಕ್ಷನ್, ಕ್ಯಾಂಪಸ್ ಇಂಟರ್‌ವ್ಯೂ, ನಾವೂ ಯಾವುದೋ ಪಟ್ಟಿಗೆ ಕಾಯ್ತಾ ಇರೋರೇ. ಹೆಸರು ಬಂದ್ರೂ ಪ್ರಶ್ನೆ ಮುಗಿಯಲ್ಲ, ಬರದಿದ್ರೂ ಮುಗಿಯಲ್ಲ. ಕಾಯೋ ಹೊತ್ತಲ್ಲಿ ಪಕ್ಕದಲ್ಲಿ ಕೂತವರ ಜೊತೆ ಹೇಗಿದ್ವಿ ಅನ್ನೋದು ಮಾತ್ರ ಪೂರ್ತಿ ನಮ್ಮ ಕೈಲಿರೋದು.

ಬೇರೆ ಯಾವ ಆಟದ 'ಬಾಗಿಲ ಹೊರಗಿನ' ಕಥೆ ಬೇಕು? ಕಾಮೆಂಟ್‌ನಲ್ಲಿ ಹೇಳಿ.

#ಆಟದಇತಿಹಾಸ #ಬೇಸ್‌ಬಾಲ್ #ಅರಿಜೋನಾಫಾಲ್‌ಲೀಗ್ #ಕನ್ನಡದಲ್ಲಿಓದಿ