ಅನಗತ್ಯದ ಗತಿ

ಪೇಟೆಯಲ್ಲಿ ನಿಂತು ಯಾರೂ ‘ಅನಗತ್ಯ’ ಎನ್ನುತ್ತಿರಲಿಲ್ಲ. ಅರಸೀಕೆರೆಯ ಬಿ.ಎಚ್. ರಸ್ತೆಯ ಜವಳಿ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ ನೋಡಿದ ಹೆಂಗಸು ‘ಬೇಡ ಬಿಡಿ’ ಎಂದು ಎದ್ದು ಹೋಗುತ್ತಾಳೆ. ಮಗ ಎರಡನೇ ಜೊತೆ ಶೂ ಕೇಳಿದರೆ ಅಪ್ಪ ‘ಶೋಕಿ ಜಾಸ್ತಿ ಆಯ್ತು ನಿಂದು’ ಎಂದು ಗದರುತ್ತಾನೆ. ತೀರಾ ಸಿಟ್ಟು ಬಂದರೆ ‘ದಂಡ’ ಎಂಬ ಎರಡಕ್ಷರ ಸಾಕು. ‘ಅನಗತ್ಯ’ದ ವಾಸವೇನಿದ್ದರೂ ಪತ್ರಿಕೆಗಳಲ್ಲಿ, ಕಚೇರಿಯ ಟಿಪ್ಪಣಿಗಳಲ್ಲಿ: ಅನಗತ್ಯ ವೆಚ್ಚ, ಅನಗತ್ಯ ವಿಳಂಬ, ಅನಗತ್ಯ ಗೊಂದಲ. ಇಸ್ತ್ರಿ ಹಾಕಿದ ಅಂಗಿಯ ಮಾತು ಅದು.

2020ರ ಮಾರ್ಚ್ ಕೊನೆಯ ವಾರ ಆ ಮಾತು ಮೈಕು ಹಿಡಿದು ಬೀದಿಗೆ ಬಂತು. ‘ಅನಗತ್ಯವಾಗಿ ಯಾರೂ ಹೊರಗೆ ಬರಬಾರದು.’

ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ದೇಶಕ್ಕೆ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಮರುದಿನ ಯುಗಾದಿ. ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ತೆರೆಯಬಹುದಾದ ಅಂಗಡಿಗಳ ಹೆಸರಿದ್ದವು: ಪಡಿತರ, ಆಹಾರ, ದಿನಸಿ, ಹಣ್ಣು, ತರಕಾರಿ, ಹಾಲು, ಮಾಂಸ, ಮೀನು, ಮೇವು. ಹೀಗಾಗಿ ಹಬ್ಬದ ಬೆಲ್ಲ ಪಟ್ಟಿಯ ಒಳಗುಳಿಯಿತು, ಹಬ್ಬದ ಹೊಸ ಬಟ್ಟೆ ಹೊರಗಾಯಿತು. ಆದೇಶ ಅಗತ್ಯವಾದದ್ದನ್ನಷ್ಟೇ ಹೆಸರಿಸಿತ್ತು. ಉಳಿದದ್ದಕ್ಕೆ ಹೆಸರಿಡುವ ಕೆಲಸ ಆಡುಮಾತಿಗೆ ಬಿತ್ತು. ಬಳೆ, ಚಪ್ಪಲಿ, ಪಾತ್ರೆ, ಪುಸ್ತಕ, ಗಡಿಯಾರದ ರಿಪೇರಿ ಎಲ್ಲವೂ ಒಂದೇ ಹಣೆಪಟ್ಟಿ ಹೊತ್ತವು.

ಪಟ್ಟಿ ಬರೆದವರಿಗೂ ಪಟ್ಟಿ ಕೈಗೆ ಸಿಗುತ್ತಿರಲಿಲ್ಲ ಎನ್ನುವುದು ಆಮೇಲಿನ ಆದೇಶಗಳನ್ನು ಓದಿದರೆ ತಿಳಿಯುತ್ತದೆ. ಐದೇ ದಿನಕ್ಕೆ, ಮಾರ್ಚ್ 29ರಂದು, ‘ದಿನಸಿ’ ಎಂದರೆ ಸೋಪು, ಶಾಂಪೂ, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡ್, ಮಕ್ಕಳ ಡಯಾಪರ್, ಬ್ಯಾಟರಿ ಸೆಲ್, ಚಾರ್ಜರ್ ಕೂಡ ಸೇರಿದೆ ಎಂದು ದೆಹಲಿ ವಿವರಿಸಬೇಕಾಯಿತು. ಪ್ಯಾಡ್ ಅಗತ್ಯವೆಂದು ಹೊಳೆಯಲು ಐದು ದಿನ ಹಿಡಿದದ್ದನ್ನು ಗಮನಿಸಬೇಕು. ಮೊದಲ ಪಟ್ಟಿ ಬರೆದ ಮೇಜಿನ ಸುತ್ತ ಹೆಂಗಸರು ಎಷ್ಟಿದ್ದರೋ ಎಂಬ ಪ್ರಶ್ನೆ ಏಳದೆ ಇರದು. ಅದೇ ದಿನ ಇನ್ನೊಂದು ತಮಾಷೆಯೂ ನಡೆಯಿತು. ಸರಕು ಸಾಗಾಟದಲ್ಲಿ ಅಗತ್ಯ, ಅನಗತ್ಯ ಎಂಬ ಭೇದ ಮಾಡಬೇಕಿಲ್ಲ ಎಂದಿತು ಕೇಂದ್ರ. ಅಲ್ಲಿಗೆ ಬಳೆಯ ಪೆಟ್ಟಿಗೆ ಲಾರಿಯಲ್ಲಿ ಕೂತು ಅರಸೀಕೆರೆಗೆ ಬರಬಹುದು, ಇಳಿದ ಮೇಲೆ ಮಾತ್ರ ಅದನ್ನು ಮಾರುವ ಹಾಗಿಲ್ಲ.

ಏಪ್ರಿಲ್ 20ರಿಂದ ಆನ್‌ಲೈನ್ ಕಂಪನಿಗಳು ಮೊಬೈಲು, ಫ್ರಿಜ್ಜು, ಲ್ಯಾಪ್‌ಟಾಪ್ ಮಾರಬಹುದು ಎಂದಿದ್ದರು. ಹಿಂದಿನ ದಿನ, 19ರಂದು, ಆ ಅನುಮತಿ ರದ್ದಾಯಿತು. ಏಪ್ರಿಲ್ 21ಕ್ಕೆ ವಿದ್ಯಾರ್ಥಿಗಳ ಪಠ್ಯಪುಸ್ತಕದ ಅಂಗಡಿಗೂ ಸೀಲಿಂಗ್ ಫ್ಯಾನಿನ ಅಂಗಡಿಗೂ ಬಾಗಿಲು ತೆರೆಯಲು ಒಪ್ಪಿಗೆ ಸಿಕ್ಕಿತು. ಬೇಸಿಗೆ ಏರಿದಂತೆ ಫ್ಯಾನು ಅಗತ್ಯವಾಯಿತು. ಪಾಠದ ಪುಸ್ತಕ ಅಗತ್ಯ, ಕತೆ ಪುಸ್ತಕ ಅಲ್ಲ. ಫ್ರಾನ್ಸಿನಲ್ಲಿ ಅದೇ ವರ್ಷದ ನವೆಂಬರಿನಲ್ಲಿ ಪುಸ್ತಕದಂಗಡಿ ಮುಚ್ಚಿಸಿದ್ದಕ್ಕೆ ದೊಡ್ಡ ಗಲಾಟೆ ಎದ್ದು, 2021ರ ಫೆಬ್ರವರಿಯಲ್ಲಿ ಸರ್ಕಾರ ಪುಸ್ತಕದಂಗಡಿಗಳನ್ನೇ ‘ಅಗತ್ಯ’ದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಕಾದಂಬರಿಗಾಗಿ ಯಾರೂ ರಸ್ತೆಗಿಳಿಯಲಿಲ್ಲ; ಇಳಿದಿದ್ದರೆ ಅದೂ ಅನಗತ್ಯ ಓಡಾಟವೇ ಆಗುತ್ತಿತ್ತು.

ಈ ಪದವನ್ನು ಬಿಚ್ಚಿ ನೋಡಿದರೆ ಇನ್ನಷ್ಟು ಸ್ವಾರಸ್ಯ. ‘ಗತಿ’ ಎಂದರೆ ನಡೆ, ದಾರಿ, ಆಸರೆ. ಗತಿ ಇಲ್ಲದಿರುವುದು ‘ಅಗತಿ’. ‘ಬೇರೆ ದಾರಿಯಿಲ್ಲದೆ’ ಎಂಬ ಅರ್ಥದಲ್ಲಿ ಸಂಸ್ಕೃತ ‘ಅಗತ್ಯಾ’ ಎನ್ನುತ್ತದೆ. ಅದು ಕನ್ನಡಕ್ಕೆ ಬಂದು ‘ಅಗತ್ಯ’ವಾಗಿ, ನಾಮಪದದ ಕುರ್ಚಿ ಹಿಡಿದು ಕೂತಿತು. ಅಂದರೆ ಅಗತ್ಯದ ಹೊಟ್ಟೆಯಲ್ಲಿರುವುದು ನಮ್ಮ ಅಜ್ಜಿಯಂದಿರ ‘ಇನ್ನೇನು ಗತಿ?’ ಎಂಬ ನಿಟ್ಟುಸಿರು. ಅದರ ಅಣ್ಣತಮ್ಮಂದಿರೂ ಇದೇ ಜಾತಿಯವರು. ‘ಅವಶ್ಯ’ ಎಂದರೆ ವಶದಲ್ಲಿಲ್ಲದ್ದು, ‘ಅನಿವಾರ್ಯ’ ಎಂದರೆ ನಿವಾರಿಸಲಾಗದ್ದು. ಬೇಕಾದದ್ದನ್ನು ಹೇಳಲು ನಾವು ತಂದುಕೊಂಡ ದೊಡ್ಡ ಪದಗಳೆಲ್ಲ ‘ಇಲ್ಲ’ದಿಂದಲೇ ಶುರುವಾಗುತ್ತವೆ. ‘ಅನಗತ್ಯ’ದಲ್ಲಿ ಎರಡು ‘ಇಲ್ಲ’ ಇವೆ. ಗತಿ ಇಲ್ಲದ್ದು ಅಲ್ಲ. ಅರ್ಥಾತ್, ಇದಿಲ್ಲದಿದ್ದರೂ ನಿನಗೆ ಗತಿ ಇದೆ, ಹೋಗು.

ಅಚ್ಚಗನ್ನಡದ ದಾರಿಯೇ ಬೇರೆ. ‘ಬೇಕು’ ಹುಟ್ಟಿದ್ದು ಬಯಸು, ಕೇಳು ಎಂಬರ್ಥದ ಹಳೆಯ ಧಾತು ‘ಬೇಳ್’ನಿಂದ. ಬೇಡುವುದು ಅದರ ಬಳಗವೇ, ‘ಬೇಡ’ ಕೂಡ ಅದೇ ಬಳಗ. ಇಲ್ಲಿ ಆಸೆಗೂ ಅಗತ್ಯಕ್ಕೂ ಎರಡು ತಟ್ಟೆಗಳಿಲ್ಲ. ಅಕ್ಕಿ ಬೇಕು, ಮಾತ್ರೆ ಬೇಕು, ಬಳೆ ಬೇಕು, ಜಾತ್ರೆಗೆ ಹೋಗಬೇಕು: ಎಲ್ಲಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲಿ ಅಂಗಡಿಯ ಮುಂದೆ ನಿಂತವನ ವಾಕ್ಯದಿಂದ ಅವನ ತುರ್ತನ್ನು ಅಳೆಯುವುದು ಸಾಧ್ಯವೇ ಇಲ್ಲ. ಪೊಲೀಸರು ಅದನ್ನು ಕೈಚೀಲ ನೋಡಿ ಅಳೆದರು. ಚೀಲದಲ್ಲಿ ಸೊಪ್ಪಿನ ಕಟ್ಟು ಇಣುಕಿದರೆ ಅಗತ್ಯ, ಚೀಲ ಖಾಲಿಯಿದ್ದರೆ ಅನಗತ್ಯ. ಒಂದೇ ಕೊತ್ತಂಬರಿ ಕಟ್ಟು ದಿನವಿಡೀ ಊರು ಸುತ್ತಿದ ನಗೆಹನಿಗಳು ಆಗ ಮೊಬೈಲುಗಳಲ್ಲಿ ಓಡಾಡಿದವು.

ಇಲ್ಲೇ ಪದ ಮೆಲ್ಲಗೆ ಜಾರಿತು. ಮೊದಲು ವಸ್ತುವಿಗೆ ಅಂಟಿದ್ದ ‘ಅನಗತ್ಯ’ ಓಡಾಟಕ್ಕೆ ಅಂಟಿತು, ಓಡಾಟದಿಂದ ಓಡಾಡುವ ಮನುಷ್ಯನಿಗೆ. ‘ಅನಗತ್ಯವಾಗಿ ತಿರುಗುತ್ತಿದ್ದವರಿಗೆ ಲಾಠಿ ರುಚಿ’ ಎಂಬ ತಲೆಬರಹಕ್ಕೆ ಆ ವಸಂತದಲ್ಲಿ ಬರವಿರಲಿಲ್ಲ. ಲಾಠಿಗೂ ರುಚಿಯಿದೆ ಎನ್ನುವ ವರದಿಗಾರಿಕೆಯ ಅಭಿರುಚಿಯ ಮಾತು ಬೇರೆ.

‘ದಿನಸಿ’ಯ ವಿಷಯದಲ್ಲಿ ಭಾಷೆ ಇನ್ನೊಂದು ಚೇಷ್ಟೆ ಮಾಡಿತ್ತು. ದಿನ ದಿನ ಬೇಕಾಗುವುದು ದಿನಸಿ ಎಂದು ಅನೇಕರು ತಿಳಿದಿದ್ದಾರೆ. ಪದಕ್ಕೂ ದಿನಕ್ಕೂ ಸಂಬಂಧವಿಲ್ಲ. ಬಗೆ, ತರಹ ಎಂಬರ್ಥದ ಅರಬ್ಬಿಯ ‘ಜಿನ್ಸ್’ ಪಾರ್ಸಿ, ಹಿಂದೂಸ್ತಾನಿಗಳನ್ನು ಹಾದು ‘ಜಿನಸು’, ‘ದಿನಸು’ ಆದದ್ದು. ತರಹೇವಾರಿ ಸಾಮಾನು ಅಷ್ಟೆ. ಹಳೇಬೀಡಿನ ಕಡೆಯ ಯಾವ ಹಳ್ಳಿಯ ದಿನಸಿ ಅಂಗಡಿಗೆ ಹೋದರೂ ಪದ ತನ್ನ ಮೂಲಾರ್ಥವನ್ನು ಬಿಟ್ಟಿಲ್ಲ ಎಂಬುದು ಕಾಣುತ್ತದೆ. ಅಕ್ಕಿ ಮೂಟೆಯ ಮೇಲೆ ಹವಾಯಿ ಚಪ್ಪಲಿ ತೂಗುತ್ತಿರುತ್ತದೆ, ಬೇಳೆ ಡಬ್ಬದ ಪಕ್ಕ ಬಲೂನು, ರಿಬ್ಬನ್, ಪ್ಲಾಸ್ಟಿಕ್ ಬಿಂದಿಗೆ. ಲಾಕ್‌ಡೌನಿನಲ್ಲಿ ಪೇಟೆಯ ಫ್ಯಾನ್ಸಿ ಸ್ಟೋರು ಮುಚ್ಚಿದರೂ ಇಂಥ ಅಂಗಡಿಯಲ್ಲಿ ಹೇರ್‌ಪಿನ್ನು ಸಿಗದೆ ಹೋಗದು. ಪಾಪ, ಫ್ಯಾನ್ಸಿ ಸ್ಟೋರು ತನ್ನ ಬೋರ್ಡಿನಲ್ಲೇ ತಪ್ಪೊಪ್ಪಿಕೊಂಡಿತ್ತು.

ಬ್ರಿಟನ್ನಿನ ವೇಲ್ಸ್‌ನಲ್ಲಿ ಈ ಜಾಣತನಕ್ಕೂ ಬೇಲಿ ಹಾಕಿದರು. 2020ರ ಅಕ್ಟೋಬರ್ 23ರಿಂದ 17 ದಿನ ಅಲ್ಲಿ ಎಲ್ಲ ಬಂದ್ ಆದಾಗ, ಸೂಪರ್‌ಮಾರ್ಕೆಟ್‌ಗಳು ಕೂಡ ಅನಗತ್ಯ ವಸ್ತು ಮಾರುವಂತಿಲ್ಲ ಎಂದಿತು ಸರ್ಕಾರ. ಒಂದೇ ಮಳಿಗೆಯಲ್ಲಿ ಬ್ರೆಡ್ಡಿನ ಸಾಲು ತೆರೆದಿತ್ತು, ಬಟ್ಟೆಯ ಸಾಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟೇಪು ಸುತ್ತಿದ್ದರು. ಕೆಟಲ್ ಅಗತ್ಯವೋ ಅಲ್ಲವೋ ಎಂಬ ಜಗಳ ಬೀದಿಗೆ ಬಂತು. ಅಲ್ಲಿಯೂ ಸ್ಯಾನಿಟರಿ ಪ್ಯಾಡಿನ ಬಗ್ಗೆ ರಾದ್ಧಾಂತವಾಗಿ, ಸರ್ಕಾರ ಸಮಜಾಯಿಷಿ ಕೊಡಬೇಕಾಯಿತು.

ಅರಸೀಕೆರೆ, ಹಳೇಬೀಡುಗಳಿರುವ ಹಾಸನ ಜಿಲ್ಲೆಯ ಕತೆಯಲ್ಲಿ ಒಂದು ವಿಚಿತ್ರವಿದೆ. 2020ರ ಏಪ್ರಿಲ್ ಮುಗಿದರೂ ಜಿಲ್ಲೆಯಲ್ಲಿ ಒಂದೂ ಕೋವಿಡ್ ಪ್ರಕರಣ ದಾಖಲಾಗಿರಲಿಲ್ಲ. ಕೇಂದ್ರದ ಪಟ್ಟಿಯಲ್ಲಿ ಅದು ಹಸಿರು ವಲಯ. ಮೇ 4ರಿಂದ ಇಲ್ಲಿ ಅನಗತ್ಯವೂ ಉಸಿರಾಡತೊಡಗಿತು. ಅದೇ ದಿನ ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದು, ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿಯ ವಹಿವಾಟು ನಡೆಯಿತು. ಅಡುಗೆಯ ಎಣ್ಣೆಗೂ ಬಾಟಲಿಯ ‘ಎಣ್ಣೆ’ಗೂ ಒಂದೇ ಹೆಸರಿಟ್ಟ ಜನಕ್ಕೆ ಇದರಲ್ಲಿ ಅಚ್ಚರಿ ಕಾಣದಿದ್ದರೆ ತಪ್ಪಿಲ್ಲ. ಮೇ 12ರಂದು ಮುಂಬೈಯಿಂದ ಮರಳಿದವರಲ್ಲಿ ಸೋಂಕು ಪತ್ತೆಯಾಗಿ ಹಸಿರು ಅಳಿಸಿತು.

ಎರಡನೇ ಅಲೆ ಹೆಚ್ಚು ಕ್ರೂರವಾಗಿತ್ತು, ಸಾವಿನಲ್ಲೂ ವ್ಯಾಪಾರದಲ್ಲೂ. 2021ರ ಏಪ್ರಿಲ್ 22ರಂದು ಅಗತ್ಯವಲ್ಲದ ಅಂಗಡಿಗಳನ್ನು ಹಾಡಹಗಲೇ ಏಕಾಏಕಿ ಮುಚ್ಚಿಸತೊಡಗಿದರು. 27ರ ರಾತ್ರಿಯಿಂದ ಪೂರ್ತಿ ಬಂದ್, ಅಗತ್ಯಕ್ಕೆ ಬೆಳಿಗ್ಗೆ 6ರಿಂದ 10. ಮದುವೆಯ ಕಾಲ. ಸೀಮಿತ ಜನರನ್ನು ಕರೆದು ಮದುವೆ ಮಾಡಬಹುದಿತ್ತು, ಧಾರೆ ಸೀರೆ ಕೊಳ್ಳಲು ಅಂಗಡಿಯಿರಲಿಲ್ಲ. ಆಗಿನ ಪೇಟೆಗಳಲ್ಲೆಲ್ಲ ಹುಟ್ಟಿಕೊಂಡದ್ದು ಅರ್ಧ ಶಟರಿನ ವ್ಯಾಪಾರ. ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಫೋನ್ ನಂಬರು, ಎದುರಿನ ಕಟ್ಟೆಯ ಮೇಲೆ ಏನೂ ಗೊತ್ತಿಲ್ಲದವನಂತೆ ಕೂತ ಮಾಲೀಕ.

‘ಅಣ್ಣ, ಬಿಳಿ ಪಂಚೆ ಐತಾ?’

‘ಹಿಂದ್ಗಡೆ ಬಾಗ್ಲಿಗೆ ಬಾರಪ್ಪ. ಗಾಡಿ ದೂರ ನಿಲ್ಸು.’

ಬಿಳಿ ಪಂಚೆ ಮದುವೆಗೂ ಬೇಕು, ಹೆಣಕ್ಕೂ ಬೇಕು. ಯಾವುದಕ್ಕೆಂದು ಕೇಳುವ ಧೈರ್ಯ ಆ ಮೇ ತಿಂಗಳಲ್ಲಿ ಯಾವ ಅಂಗಡಿಯವನಿಗೂ ಇದ್ದಿರಲಾರದು.

ಅನಗತ್ಯದ ಬಗ್ಗೆ ಕನ್ನಡದಲ್ಲಿ ಒಂದು ಖಡಕ್ಕಾದ ಗಾದೆಯಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಗಾದೆ ಕಟ್ಟಿದವನು ಮುಡಿಯುವವರನ್ನು ನೋಡಿದ್ದ, ಬೆಳೆಯುವವರನ್ನಲ್ಲ. ದೇವಸ್ಥಾನ, ಮದುವೆ, ಜಾತ್ರೆ ನಿಂತ 2020ರ ಬೇಸಿಗೆಯಲ್ಲಿ ಹೂವು ಹೊಲದಲ್ಲೇ ಬಾಡಿತು. ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿದಾಗ, 11,687 ಹೆಕ್ಟೇರಿನಲ್ಲಿ ಹೂವು ಹಾಳಾಗಿದೆ ಎಂಬ ಲೆಕ್ಕವನ್ನೂ ಕೊಟ್ಟರು; ಹೆಕ್ಟೇರಿಗೆ 25,000 ರೂಪಾಯಿ, ಒಬ್ಬರಿಗೆ ಒಂದು ಹೆಕ್ಟೇರಿನ ಮಿತಿ. ಕ್ಷೌರಿಕರಿಗೂ ಮಡಿವಾಳರಿಗೂ ತಲಾ 5,000. ಜುಟ್ಟಿನ ಮಲ್ಲಿಗೆಯ ಹಿಂದೆ ಯಾರ ಹೊಟ್ಟೆಯ ಹಿಟ್ಟಿತ್ತು ಎಂಬುದು ಮೊದಲ ಬಾರಿಗೆ ಹೆಕ್ಟೇರಿನ ಲೆಕ್ಕದಲ್ಲಿ ಕಾಣಿಸಿತು.

ಅಗತ್ಯದ ಪಟ್ಟಿಯೇನು ಶಿಲಾಶಾಸನವೇ? 1955ರ ಅಗತ್ಯ ವಸ್ತುಗಳ ಕಾಯ್ದೆಯ ಅಡಿಗೆ 2020ರ ಮಾರ್ಚ್ 13ರಂದು ಮಾಸ್ಕನ್ನೂ ಸ್ಯಾನಿಟೈಸರನ್ನೂ ತಂದರು, ಜೂನ್ 30ರವರೆಗೆ. ಆ ಅವಧಿ ಮುಗಿಯುವ ಮೊದಲೇ, ಜೂನ್ 5ರ ಸುಗ್ರೀವಾಜ್ಞೆಯಲ್ಲಿ, ಧಾನ್ಯ, ಬೇಳೆ, ಖಾದ್ಯ ತೈಲ, ಈರುಳ್ಳಿ, ಆಲೂಗಡ್ಡೆಗಳನ್ನು ಅಸಾಧಾರಣ ಸನ್ನಿವೇಶಗಳಲ್ಲಿ ಬಿಟ್ಟರೆ ಅದೇ ಕಾಯ್ದೆಯ ಹಿಡಿತದಿಂದ ಸಡಿಲಿಸಿದರು. ಆಲೂಗಡ್ಡೆಗೆ ಹೆಸರಾದ ಜಿಲ್ಲೆ ಹಾಸನ. ಬೀದಿಯಲ್ಲಿ ಆಲೂಗಡ್ಡೆ ಪರಮ ಅಗತ್ಯ, ಕಾಯ್ದೆಯಲ್ಲಿ ಅರೆ ಅಗತ್ಯ. 2021ರ ಕೊನೆಗೆ ಕೃಷಿ ಕಾಯ್ದೆಗಳು ಹಿಂದೆ ಸರಿದಾಗ ಈ ತಿದ್ದುಪಡಿಯೂ ಹೋಯಿತು.

ಬೇಲೂರು, ಹಳೇಬೀಡಿಗೆ ಬಂದರೆ ‘ಅನಗತ್ಯ’ ಎಂಬ ಪದವೇ ತಬ್ಬಿಬ್ಬಾಗುತ್ತದೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ಗುಡಿಯ ಹೊರಗೋಡೆಯಲ್ಲಿ ಲಾಕ್‌ಡೌನ್ ಆದೇಶ ಜಾರಿ ಮಾಡಿದರೆ ಉಳಿಯುವುದೇನು? ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ಇಳಿಸಬೇಕು. ಬಳೆ, ಕಾಲ್ಗೆಜ್ಜೆ, ಡೋಲು, ಸಾಕಿದ ಗಿಣಿ, ಒಂದೂ ಪಟ್ಟಿಯಲ್ಲಿಲ್ಲ. ಈ ಗುಡಿಗಳ ಬಳಪದ ಕಲ್ಲಿನಲ್ಲೇ ಇಂದಿಗೂ ಗೇಣುದ್ದದ ಮದನಿಕೆ, ಗಣಪ, ಆನೆ ಕೆತ್ತಿ ಗುಡಿಯ ಮುಂದೆ ಮಾರುತ್ತಾರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು. ಹೊಟ್ಟೆ ತುಂಬಿದವರು ರಜೆಯಲ್ಲಿ ಕೊಳ್ಳುವ ವಸ್ತು, ಅನಗತ್ಯಗಳಲ್ಲೇ ಅನಗತ್ಯ.

ಸಂರಕ್ಷಿತ ಸ್ಮಾರಕಗಳು 2020ರ ಮಾರ್ಚ್ 17ರಂದೇ, ಅಂದರೆ ಲಾಕ್‌ಡೌನಿಗೂ ಒಂದು ವಾರ ಮೊದಲೇ ಮುಚ್ಚಿದ್ದವು. ಪೂಜೆ ನಡೆಯುವಂಥವನ್ನು ಜೂನ್ 8ರಿಂದ, ಉಳಿದವನ್ನು ಜುಲೈ 6ರಿಂದ ತೆರೆಯಬಹುದು ಎಂದರು. 2021ರ ಏಪ್ರಿಲ್ ಮಧ್ಯದಲ್ಲಿ ಮತ್ತೆ ಬೀಗ. ಜೂನ್ 16ಕ್ಕೆ ಪುರಾತತ್ವ ಇಲಾಖೆ ಬೀಗ ತೆಗೆಯುವಾಗ, ಲಾಕ್‌ಡೌನ್ ಮುಂದುವರಿದಿದ್ದ ರಾಜ್ಯದ 11 ಜಿಲ್ಲೆಗಳಲ್ಲಿ ಹಾಸನವೂ ಒಂದು. ಗುಡಿ ತೆರೆದರೂ ಬರುವವರು ಯಾರು? ದಿನಸಿ ಅಂಗಡಿಗೆ ನಾಲ್ಕು ಗಂಟೆ ಸಿಕ್ಕಿತು, ಜವಳಿ ಅಂಗಡಿಗೆ ಹಿಂಬಾಗಿಲಿತ್ತು. ಪ್ರವಾಸಿಗನನ್ನೇ ನಂಬಿದ ಕಲ್ಲಿನ ಗೊಂಬೆಗೆ ಎರಡೂ ಇರಲಿಲ್ಲ. ‘ಅಗತ್ಯಾ’, ಬೇರೆ ದಾರಿಯಿಲ್ಲದೆ, ಎಂಬ ಆ ಹಳೆಯ ಸಂಸ್ಕೃತ ರೂಪ ತಪ್ಪದೆ ಹೊಂದುತ್ತಿದ್ದದ್ದು ಗೊಂಬೆ ಮಾರುವವನಿಗೆ. ಆದೇಶ ಅಳೆದದ್ದು ಕೊಳ್ಳುವವನ ಗತಿಯನ್ನು ಮಾತ್ರ.

ಈಗ ಬಸ್ಸು, ಕಾರು ಮತ್ತೆ ಬರುತ್ತಿವೆ. ಗುಡಿಯಿಂದ ಹೊರಬಿದ್ದವರ ಹಿಂದೆ ಗೊಂಬೆ ಹಿಡಿದವರು ಕಾರಿನವರೆಗೂ ನಡೆಯುತ್ತಾರೆ. ‘ಬೇಕಾ ಸಾರ್? ಕೈಕೆಲಸ ಸಾರ್, ಬೇಕಾ?’ ಹೆಚ್ಚಿನವರು ಮುಖ ತಿರುಗಿಸದೆ ‘ಬೇಡ’ ಎನ್ನುತ್ತಾರೆ. ಕಾರು ಶುರುವಾಗುತ್ತದೆ, ಗಾಜು ಅರ್ಧ ಇಳಿದಿರುತ್ತದೆ, ಐನೂರರ ಗಣಪ ಇನ್ನೂರಕ್ಕೆ ಬಂದಿರುತ್ತಾನೆ.