ಹುಕ್ಕೇರಿಯ ಗುಂಬಜ್‌ಗಳು ಯಾರವು?

ಗೋಕಾಕಕ್ಕೆ ಹೋದವರು ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಮರಳುವುದು ವಾಡಿಕೆ. ನಾವೂ ಮೊದಲು ಅಲ್ಲಿಯೇ ನಿಂತೆವು. ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಜಾಗದ ಪಕ್ಕದಲ್ಲೇ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ಗೋಕಾಕ ಊರೊಳಗೆ 1717ರಿಂದ 1754ರವರೆಗೆ ಆಳಿದ ಸವಣೂರು ನವಾಬರು ಕಟ್ಟಿಸಿದ ಮಸೀದಿಯಿದೆ. ಅಲ್ಲಿಂದ ಹುಕ್ಕೇರಿಯ ದಾರಿ ಹಿಡಿದೆವು.

ಹುಕ್ಕೇರಿಯೆಂದರೆ 'ಹೂವಿನ ಕೇರಿ', ಇಲ್ಲಿಯ ಗುಲಾಬಿ ಬಿಜಾಪುರದ ಅರಮನೆಗೆ ಹೋಗುತ್ತಿತ್ತು ಎಂದು ಜನ ಹೇಳುತ್ತಾರೆ. ಆ ಮಾತಿಗೆ ಸಾಕ್ಷಿಯಿರಲಿ ಇಲ್ಲದಿರಲಿ, ಬಿಜಾಪುರದ ನಂಟಿಗೆ ಆದಿಲ್‌ಶಾಹಿ ಕಾಲದ ಗುಂಬಜ್‌ಗಳೇ ಸಾಕ್ಷಿ. ಚೌಕ ಕೋಣೆಯ ಮೂಲೆಗಳಿಗೆ ಕಮಾನು ಕಟ್ಟಿ, ಅದನ್ನು ಎಂಟು ಮೂಲೆಯಾಗಿಸಿ, ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಆ ಕಾಲದ ಕಟ್ಟಡ ವಿದ್ಯೆ. ಮುಂದೆ ಗೋಲಗುಮ್ಮಟದಲ್ಲಿ ಅದೇ ವಿದ್ಯೆ ತುತ್ತತುದಿ ಮುಟ್ಟಿತು.

ನಮ್ಮ ಜೊತೆ ಮೂಡಲಗಿಯಿಂದ ಬಂದಿದ್ದ ಗೆಳೆಯರೊಬ್ಬರು ಸಹಜವಾಗಿ ಕೇಳಿದರು: "ಇವೆಲ್ಲಾ ನಿಮ್ಮವರು ಕಟ್ಟಿದ್ದಲ್ರೀ?"

ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ. ಆದರೂ ಅದು ನಮ್ಮನ್ನು ಕಾಡಿತು. ಇಲ್ಲಿ ಮಲಗಿದವರು ಸುಲ್ತಾನರ ಸರದಾರರಿರಬಹುದು. ಕಲ್ಲು ಈ ನೆಲದ್ದು, ಸುಣ್ಣ ಅರೆದ ಕೈಗಳೂ ಇಲ್ಲಿಯವೇ. ಒಂದನೆಯ ಇಬ್ರಾಹೀಮ್ ಆದಿಲ್ ಶಾಹ್ (1534–1558) ಪರ್ಷಿಯನ್ ಬಿಡಿಸಿ ದೇಶಭಾಷೆಯಲ್ಲಿ ಲೆಕ್ಕಪತ್ರ ಬರೆಸಿದ, ಆ ಕೆಲಸವನ್ನು ಬ್ರಾಹ್ಮಣರಿಗೆ ವಹಿಸಿದ. ಅಂಥ ರಾಜ್ಯವನ್ನು 'ನಿಮ್ಮದು', 'ನಮ್ಮದು' ಎಂದು ಪಾಲು ಮಾಡುವುದು ಹೇಗೆ? 1686ರಲ್ಲಿ ಆ ರಾಜ್ಯವನ್ನು ಮುಗಿಸಿದವನು ಕೂಡ ಮುಸ್ಲಿಂ ದೊರೆ ಔರಂಗಜೇಬನೇ!

ಗ್ರೀಸಿನ ಡೆಲೋಸ್ ದ್ವೀಪದಲ್ಲಿ ಪ್ರಾಚೀನ ನಗರವೊಂದರ ಅವಶೇಷಗಳಿವೆ. ಅಪೊಲೊ ದೇವನನ್ನು ಪೂಜಿಸುತ್ತಿದ್ದ ಆ ಜನರ ಧರ್ಮ ಇಂದಿನ ಗ್ರೀಕರದ್ದಲ್ಲ. ಆದರೂ ಅವರು ಅದನ್ನು ತಮ್ಮ ಪರಂಪರೆಯೆಂದೇ ಕಾಯುತ್ತಾರೆ. 1990ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವಾದರೋ ನಮ್ಮೂರಿನ ಕಲ್ಲಿಗೂ ಜಾತಿ ಕೇಳುತ್ತೇವೆ. ಮುಸ್ಲಿಮರು ಸರ್ಕಾರ ನೋಡಿಕೊಳ್ಳಲಿ ಎನ್ನುತ್ತಾರೆ. ಉಳಿದವರು ಅದು ಸಾಬರದ್ದು ಎನ್ನುತ್ತಾರೆ. ಇಬ್ಬರ ನಡುವೆ ಬಿರುಕಿನಲ್ಲಿ ಆಲದ ಸಸಿ ಬೇರಿಳಿಸುತ್ತದೆ. ಅದಕ್ಕೆ ಯಾರ ಗುಂಬಜ್ ಎಂಬ ಗೊಡವೆಯಿಲ್ಲ.

ಗೆಳೆಯರಿಗೆ ನಾವು ಕೊಟ್ಟ ಉತ್ತರ ಇಷ್ಟೇ: "ನಮ್ಮವರು ಹೌದು, ನಿಮ್ಮವರೂ ಹೌದು." ಅವರು ನಕ್ಕು, ಚಪ್ಪಲಿ ಬಿಟ್ಟು ನಮ್ಮೊಡನೆ ಒಳಗೆ ಬಂದರು.